ಆಣೆಯ ನಂತರದ ಮೂರು ರಾತ್ರಿಗಳು

ನಮ್ಮ ನಾಡಿನ ಮಠಗಳು ನಡೆಸಿಕೊಂಡು ಬಂದಿರುವ ಲೋಕೋಪಕಾರಿ ಕಾರ್ಯಗಳಲ್ಲಿ ವ್ಯಸನಮುಕ್ತಿಯ ಕಾರ್ಯವು ಅನ್ನದಾಸೋಹ, ವಿದ್ಯಾದಾಸೋಹಗಳಷ್ಟೇ ಹಿರಿದಾದುದು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ದವಸಧಾನ್ಯಗಳ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಆ ಕಾರ್ಯದ ನೆನಪಿಗಾಗಿ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಸಾವಿರಾರು ಸಂಸಾರಗಳನ್ನು ಉಳಿಸಿವೆ. ನಮ್ಮ ಜಾತ್ರೆ, ರಥೋತ್ಸವಗಳ ಸಂದರ್ಭದಲ್ಲಿ ಪೂಜ್ಯರ ಪಾದದೆದುರು ನಿಂತು ಕುಡಿತ ಬಿಡುತ್ತೇನೆಂದು ಆಣೆ ಮಾಡುವವರನ್ನು ಈ ಪತ್ರಿಕೆಯ ಓದುಗರೆಲ್ಲರೂ ಕಂಡಿದ್ದೀರಿ.

ಈ ಪರಂಪರೆಯ ಬಗೆಗೆ ನನಗಿರುವ ಗೌರವವನ್ನು ಮೊದಲಿಗೇ ತಿಳಿಸಿ, ಅದರಲ್ಲಿ ಉಳಿದುಹೋಗಿರುವ ಒಂದು ಕೊರತೆಯನ್ನು ಹೇಳಲು ಇಚ್ಛಿಸುತ್ತೇನೆ. ಆ ಕೊರತೆಗೆ ಒಮ್ಮೆ ನಾನೂ ಕಾರಣನಾದೆ. ಅರವತ್ತು ದಾಟಿದ ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲ.

ಸುಮಾರು 30 ವರ್ಷಗಳ ಹಿಂದಿನ ಮಾತು. ಆಲೂರು ಸೀಮೆಯಲ್ಲಿ ಚಿಕಿತ್ಸಾಲಯ ತೆರೆದು ನನಗಿನ್ನೂ ಕೆಲವೇ ವರ್ಷಗಳಾಗಿದ್ದವು. ಒಂದು ಧಾರ್ಮಿಕ ಸಮಾರಂಭದಲ್ಲಿ ಮದ್ಯಪಾನದ ಕೆಡುಕನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದರು. ನಾನು ಉತ್ಸಾಹದಿಂದ ಮಾತನಾಡಿದೆ. ಮಾತು ಮುಗಿದ ಮೇಲೆ ಹತ್ತಾರು ಜನ ಮುಂದೆ ಬಂದು ಆಣೆ ಮಾಡಿದರು. ಅವರಲ್ಲಿ ಸಕಲೇಶಪುರದಾಚೆಯ ಒಂದು ಕಾಫಿ ತೋಟದ ಲೈನಿನಿಂದ ಹೆಂಡತಿಯೊಡನೆ ಬಂದಿದ್ದ, ನಲವತ್ತರ ಆಸುಪಾಸಿನ ಕಾರ್ಮಿಕನೊಬ್ಬನಿದ್ದ. ಇಪ್ಪತ್ತು ವರ್ಷಗಳಿಂದ ದಿನವೂ ಕುಡಿಯುತ್ತಿದ್ದವನು. ಬೆಳಗ್ಗೆ ಒಂದು ಗುಟುಕು ಹಾಕದಿದ್ದರೆ ಕೈ ನಡುಗಿ ಕತ್ತಿ ಹಿಡಿಯಲಾಗದವನು. ನಾನು ಆತನ ಬೆನ್ನು ತಟ್ಟಿ, ಒಂದು ಕಷಾಯವನ್ನು ಬರೆದುಕೊಟ್ಟು, ‘ಇನ್ನು ನಿನ್ನ ಮನಸ್ಸು ಗಟ್ಟಿಯಾಗಿದ್ದರೆ ಸಾಕು’ ಎಂದು ಹೇಳಿ ಕಳುಹಿಸಿದೆ.

ಮೂರನೆಯ ರಾತ್ರಿ ಆತನಿಗೆ ಗೋಡೆಯ ಮೇಲೆ ಹಾವುಗಳು ಹರಿದಾಡುವಂತೆ ಕಂಡಿತಂತೆ. ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಕೂಗುತ್ತ ಸುರಿಯುವ ಮಳೆಯಲ್ಲಿ ಹೊರಗೆ ಓಡಿದ. ಬೆಳಗ್ಗೆ ತೋಟದ ಕೆಳಗಿನ ಹಳ್ಳದಲ್ಲಿ ಆತನ ಶವ ಸಿಕ್ಕಿತು. ಲೈನಿನವರೆಲ್ಲ, ‘ಆಣೆ ಮುರಿದಿರಬೇಕು, ಅದಕ್ಕೇ ಹೀಗಾಯಿತು’ ಎಂದರು. ಸುದ್ದಿ ಕೇಳಿದ ನಾನೂ ಮೊದಲಿಗೆ, ಕದ್ದು ಕುಡಿದಿರಬೇಕೆಂದೇ ತಿಳಿದೆ.

ಆತ ಕುಡಿದಿರಲಿಲ್ಲ. ಆಣೆ ಮುರಿದುದರಿಂದ ಆತ ಸಾಯಲಿಲ್ಲ. ಆಣೆಯನ್ನು ಉಳಿಸಿಕೊಂಡುದರಿಂದ ಸತ್ತ. ಇದು ನನಗೆ ಅರ್ಥವಾದದ್ದು ಕೆಲವು ವರ್ಷಗಳ ನಂತರ, ಅದೇ ಬಗೆಯ ರೋಗಿಯೊಬ್ಬ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬದುಕಿದ್ದನ್ನು ಕಣ್ಣಾರೆ ಕಂಡಾಗ. ಅಷ್ಟು ವರ್ಷವೂ ಆ ತಾಯಿ, ತನ್ನ ಗಂಡ ದೇವರಿಗೆ ಕೊಟ್ಟ ಮಾತಿಗೆ ತಪ್ಪಿದವನೆಂಬ ಅಪವಾದವನ್ನು ಹೊತ್ತು ಅದೇ ಲೈನಿನಲ್ಲಿ ಬದುಕಿದ್ದಳು.

ಶರೀರದೊಳಗೆ ನಡೆಯುವುದೇನು?

ಮದ್ಯವು ಮಿದುಳನ್ನು ಮಂದಗೊಳಿಸುವ ದ್ರವ್ಯ. ವರ್ಷಗಟ್ಟಲೆ ನಿತ್ಯವೂ ಕುಡಿಯುವವನ ಮಿದುಳು ಆ ಮಂದತೆಗೆ ಎದುರಾಗಿ ತನ್ನ ಉದ್ರೇಕವನ್ನು ಸದಾ ಏರಿಸಿಟ್ಟುಕೊಂಡಿರುತ್ತದೆ. ಹಗ್ಗ ಜಗ್ಗುವ ಆಟದಲ್ಲಿ ಒಂದು ಕಡೆಯವರು ಹಠಾತ್ತನೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಮುಗ್ಗರಿಸಿ ಬೀಳುತ್ತಾರಲ್ಲವೇ? ಕುಡಿತವನ್ನು ಒಮ್ಮೆಲೇ ನಿಲ್ಲಿಸಿದಾಗ ಮಿದುಳಿನ ಸ್ಥಿತಿಯೂ ಹಾಗೆಯೇ ಆಗುತ್ತದೆ. 6ರಿಂದ 12 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ನಿದ್ರಾನಾಶ ತೋರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳವು ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ, ಎಲ್ಲರಿಗಲ್ಲದಿದ್ದರೂ ತೀವ್ರ ವ್ಯಸನಿಗಳಲ್ಲಿ ಕೆಲವರಿಗೆ, ಸನ್ನಿ ಹಿಡಿಯುತ್ತದೆ: ತಾನೆಲ್ಲಿದ್ದೇನೆಂಬ ಅರಿವು ತಪ್ಪುತ್ತದೆ, ಇಲ್ಲದ ಹುಳುಹಾವುಗಳು ಕಾಣುತ್ತವೆ, ಮೈ ಬಿಸಿಯೇರುತ್ತದೆ, ಎದೆಬಡಿತ ಮಿತಿಮೀರುತ್ತದೆ. ನಮ್ಮ ಜನ ಇದನ್ನು ಗಾಳಿ ಸೋಕಿತೆಂದೋ, ಆಣೆ ಹಿಡಿಯಿತೆಂದೋ ಹೇಳಿ ತಾಯಿತ ಕಟ್ಟಿಸಲು ಓಡುತ್ತಾರೆ. ಸಕಾಲದಲ್ಲಿ ಆಸ್ಪತ್ರೆಗೆ ಸೇರಿಸಿದರೆ ಬಹುತೇಕರು ಬದುಕುತ್ತಾರೆ; ಸೇರಿಸದಿದ್ದರೆ ಪ್ರಾಣಕ್ಕೇ ಅಪಾಯ.

ಇದು ಆಧುನಿಕ ವೈದ್ಯರು ಮಾತ್ರ ಹೇಳುವ ಸಂಗತಿಯಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ, ದೇಹಕ್ಕೆ ಒಗ್ಗಿಹೋದ ಅಹಿತವನ್ನು ಒಮ್ಮೆಲೇ ಬಿಡದೆ ಪಾದಪಾದವಾಗಿ, ಅಂದರೆ ಕಾಲುಭಾಗದಂತೆ ಕ್ರಮವಾಗಿ ಬಿಡಬೇಕೆಂಬ ವಿಧಾನವಿದೆ. ಕೆಟ್ಟದ್ದನ್ನೇ ಆದರೂ ಹಠಾತ್ತನೆ ಕಿತ್ತರೆ ಶರೀರ ನೊಂದೀತು ಎಂಬ ಅರಿವು ಅಲ್ಲಿದೆ. ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಪೂರ್ತಿಯಾಗಿ ಮದಾತ್ಯಯಕ್ಕೆ ಮೀಸಲು. ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ವಿರುದ್ಧವಾಗಿ ವರ್ತಿಸಿ ಮನಸ್ಸನ್ನು ಕದಡುತ್ತವೆಂದು ಚರಕರು ವಿವರಿಸುತ್ತಾರೆ. ಬಿಟ್ಟವನು ಮತ್ತೆ ಒಮ್ಮೆಲೇ ಅತಿಯಾಗಿ ಕುಡಿದಾಗ ಧ್ವಂಸಕ, ವಿಕ್ಷಯ ಎಂಬ ಎರಡು ಕಷ್ಟಸಾಧ್ಯ ವಿಕಾರಗಳು ಹುಟ್ಟುತ್ತವೆ ಎಂದೂ ಹೇಳುತ್ತಾರೆ. ಬಿಡುವಾಗಲೂ ಅಪಾಯವಿದೆ, ಬಿಟ್ಟು ಮತ್ತೆ ಹಿಡಿದಾಗಲೂ ಅಪಾಯವಿದೆ ಎಂಬುದನ್ನು ಅಷ್ಟು ಹಿಂದೆಯೇ ಕಂಡಿದ್ದರು. ಈ ಎರಡು ಅಧ್ಯಾಯಗಳನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆ ಕಾರ್ಮಿಕನಿಗೆ ಕಷಾಯ ಬರೆದುಕೊಡುವಾಗ ನೆನಪಿಸಿಕೊಳ್ಳಲಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟೇ. ಆಣೆ ಬೇಡವೆಂದಲ್ಲ. ಆಣೆಯು ಚಿಕಿತ್ಸೆಯ ಮೊದಲ ದಿನವೇ ಹೊರತು ಕೊನೆಯ ದಿನವಲ್ಲ. ಆಣೆಯ ನಂತರದ ಮೂರು ರಾತ್ರಿಗಳನ್ನು ಯಾರು ಕಾಯುತ್ತಾರೆ ಎಂಬುದನ್ನು ನಿಶ್ಚಯಿಸದೆ ಯಾರಿಂದಲೂ ಆಣೆ ತೆಗೆದುಕೊಳ್ಳಬಾರದು.

ಲೈನಿನ ಬದುಕು

ಕುಡಿತವು ಬಡವರ ಮನೋದೌರ್ಬಲ್ಯವೆಂದು ಸುಲಭವಾಗಿ ಹೇಳುವವರು ಒಂದು ವಾರವಾದರೂ ತೋಟದ ಲೈನಿನ ದಿನಚರಿಯನ್ನು ನೋಡಬೇಕು. ಸಾಲಾಗಿ ಕಟ್ಟಿದ, ಒಂದೇ ಗೋಡೆಯನ್ನು ಎರಡು ಸಂಸಾರಗಳು ಹಂಚಿಕೊಳ್ಳುವ ಮನೆಗಳು. ಒಂದು ಕೋಣೆ, ಒಂದು ಒಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಸೌದೆ ಉರಿಯುವುದಿಲ್ಲ, ಗೋಡೆಯ ತೇವ ಆರುವುದಿಲ್ಲ. ಬೆಳಗ್ಗೆ ಹಾಜರಿ ಹಾಕಿಸಿ ಪ್ಲಾಸ್ಟಿಕ್ ಹಾಳೆ ಹೊದ್ದು ಇಳಿಜಾರಿಗೆ ಇಳಿದರೆ ಇಂಬಳ ಕಚ್ಚುತ್ತಲೇ ಇರುತ್ತದೆ. ಮರಗಸಿ ಮಾಡುವವನು ಎತ್ತರದ ಕೊಂಬೆಯ ಮೇಲೆ ದಿನವೆಲ್ಲ ಬೀಸಿದ ಭುಜ, ಮೆಣಸು ಕೊಯ್ಯುವವನು ಏಣಿಯ ಮೇಲೆ ನಿಂತ ಕಾಲು, ಹಣ್ಣಿನ ಮೂಟೆ ಹೊತ್ತವನ ಸೊಂಟ, ಇವೆಲ್ಲ ಸಂಜೆ ಒಟ್ಟಿಗೇ ನೋಯುತ್ತವೆ. ಆ ನೋವಿಗೆ ಔಷಧಿಯಂಗಡಿ ಹತ್ತು ಮೈಲಿ ದೂರದಲ್ಲಿದೆ. ಪ್ಯಾಕೆಟ್ಟು ಮಾರುವ ಗೂಡಂಗಡಿ ತೋಟದ ಗೇಟಿನ ಬಳಿಯಲ್ಲೇ ಇದೆ.

‘ಚಳಿಗೆ ಒಂದಿಷ್ಟು ಬೇಕು ಡಾಕ್ಟ್ರೇ’ ಎಂಬ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಮದ್ಯವು ಮೈಯನ್ನು ಬೆಚ್ಚಗಿಡುವುದಿಲ್ಲ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಒಳಗಿನ ಬಿಸಿ ಹೊರಗೆ ಬಂದು ಬೆಚ್ಚಗಾದಂತೆ ಭಾಸವಾಗುತ್ತದೆ. ವಾಸ್ತವವಾಗಿ ಶರೀರವು ತನ್ನ ಉಷ್ಣವನ್ನು ಕಳೆದುಕೊಳ್ಳುತ್ತಿರುತ್ತದೆ. ಮಳೆಯಲ್ಲಿ ನೆನೆದು ಕುಡಿದು ದಾರಿಯಲ್ಲಿ ಮಲಗಿದವನು ಬೆಳಗಾಗುವುದರೊಳಗೆ ಸಾಯುವುದು ಇದರಿಂದಲೇ. ನಮ್ಮ ಆಲೂರು, ಸಕಲೇಶಪುರದ ಕಡೆ ಇನ್ನೊಂದು ಭಯವೂ ಇದೆ. ಕತ್ತಲಾದ ಮೇಲೆ ತೂರಾಡುತ್ತ ತೋಟದ ದಾರಿಯಲ್ಲಿ ಬರುವವನಿಗೆ ಎದುರು ನಿಂತ ಆನೆಯ ಸುಳಿವು ಸಿಗುವುದಿಲ್ಲ.

ಬೆಳಗಿನ ಗುಟುಕಿನ ಲೆಕ್ಕವನ್ನೂ ತಿಳಿಯೋಣ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ಗಳ ತೀಕ್ಷ್ಣತೆ ಶೇ. 42.8. ಅಂದರೆ 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಯಕೃತ್ತು ಗಂಟೆಗೆ ಅರಗಿಸಬಲ್ಲದ್ದು 7ರಿಂದ 10 ಗ್ರಾಂ ಮಾತ್ರ. ರಾತ್ರಿ ಒಂಬತ್ತಕ್ಕೆ ಕುಡಿದದ್ದು ಕೋಳಿ ಕೂಗುವ ಹೊತ್ತಿಗೆ ಕರಗುತ್ತದೆ. ಆಗ ನಡುಕ ಶುರುವಾಗುತ್ತದೆ. ನಡುಕ ನಿಲ್ಲಿಸಲು 90 ಮಿಲಿಲೀಟರಿನ ಒಂದು ಪ್ಯಾಕೆಟ್ಟು, ಲೈನಿನ ಮಾತಿನಲ್ಲಿ ‘ನೈಂಟಿ’, ಬೇಕಾಗುತ್ತದೆ. ಈ ಹಂತಕ್ಕೆ ಬಂದವನು ಕುಡಿಯುವುದು ಸುಖಕ್ಕಲ್ಲ, ಕೆಲಸಕ್ಕೆ ಹೋಗುವುದಕ್ಕೆ. ಅವನನ್ನು ‘ಮಜಾ ಮಾಡುವವನು’ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಇನ್ನು ಬಟವಾಡೆಯ ದಿನ. ವಾರದ ಕೂಲಿ ಗಂಡಸಿನ ಕೈಗೆ ಸಂಜೆ ಬರುತ್ತದೆ. ಲೈನಿಗೂ ಸಂತೆಗೂ ನಡುವೆ ಅಂಗಡಿಯಿದೆ. ಹಿಂದಿನ ವಾರದ ಸಾಲ ಅಲ್ಲಿ ಬರೆದಿರುತ್ತದೆ. ಸಾಲ ತೀರಿಸಲು ಹೋದವನು ಹೊಸ ಸಾಲ ಬರೆಸಿ ಬರುತ್ತಾನೆ. ಮನೆಯಲ್ಲಿ ಹೆಂಡತಿ ಸಂಘದ ಕಂತಿಗೆ, ಮಗುವಿನ ಪುಸ್ತಕಕ್ಕೆ ಕಾದಿರುತ್ತಾಳೆ. ಪಡಿತರದ ಅಕ್ಕಿ ಇರುವುದರಿಂದ ಒಲೆ ಹೇಗೋ ಹೊತ್ತುತ್ತದೆ. ಬೇಳೆ, ಎಣ್ಣೆ, ಹಾಲು ಇರುವುದಿಲ್ಲ. ಕುಡಿಯುವವನೂ ಸರಿಯಾಗಿ ಉಣ್ಣುವುದಿಲ್ಲವಾದ್ದರಿಂದ ಅವನಲ್ಲಿ ಥಯಮಿನ್ ಎಂಬ ಬಿ-1 ಜೀವಸತ್ವ ಬರಿದಾಗಿ ನಡಿಗೆ, ಕಣ್ಣು, ಸ್ಮರಣೆ ಮೂರೂ ಕೆಡುತ್ತವೆ.

ಕಾನೂನು ಮತ್ತು ಅಂಗಡಿ

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆಗ ಲೈನಿನ ಹೆಣ್ಣುಮಕ್ಕಳು ಪಟ್ಟ ಸಂತೋಷವನ್ನು ನಾನು ಬಲ್ಲೆ. ಆದರೆ ಕುಡಿಯುವವನು ಸಾರಾಯಿಯಿಂದ ಅಗ್ಗದ ವಿಸ್ಕಿಗೆ ಸರಿದ. ಖರ್ಚು ಹೆಚ್ಚಾಯಿತೇ ಹೊರತು ಚಟ ನಿಲ್ಲಲಿಲ್ಲ. ಪರವಾನಗಿಯ ಅಂಗಡಿ ಪೇಟೆಯಲ್ಲಿದ್ದರೂ ಅಲ್ಲಿಂದ ಪೆಟ್ಟಿಗೆಗಟ್ಟಲೆ ತಂದು ಹಳ್ಳಿಯ ಗೂಡಂಗಡಿಗಳಲ್ಲಿ ಕದ್ದು ಮಾರುವುದು ಎಲ್ಲರಿಗೂ ತಿಳಿದ ಗುಟ್ಟು. 2025–26ರ ರಾಜ್ಯ ಆಯವ್ಯಯದಲ್ಲಿ ಅಬಕಾರಿ ಇಲಾಖೆಗೆ ಗೊತ್ತುಪಡಿಸಿದ ವರಮಾನದ ಗುರಿ 40,000 ಕೋಟಿ ರೂಪಾಯಿ. ಒಂದು ಕೈಯಿಂದ ಇಷ್ಟನ್ನು ಎತ್ತುವ ಸರ್ಕಾರ ಇನ್ನೊಂದು ಕೈಯಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಸನಿಗಳಿಗಾಗಿ ನಾಲ್ಕು ಹಾಸಿಗೆಗಳನ್ನು ಮೀಸಲಿಡಬೇಕೆಂದು ಕೇಳುವುದು ಅತಿಯಾಸೆಯಲ್ಲ.

ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇ. 14.6ರಷ್ಟು ಜನ, ಸುಮಾರು 16 ಕೋಟಿ, ಮದ್ಯಪಾನಿಗಳು. 5.7 ಕೋಟಿ ಜನರಿಗೆ ನೆರವಿನ ಅಗತ್ಯವಿದೆ. ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರು ಯಾವುದೋ ಒಂದು ಬಗೆಯ ಚಿಕಿತ್ಸೆ ಪಡೆದಿದ್ದರೆ, ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180 ಮಂದಿಗೆ ಒಬ್ಬರು. ಆಣೆ ಮಾಡಿಸುವುದಕ್ಕೆ ನಮ್ಮಲ್ಲಿ ವೇದಿಕೆಗಳು ಬೇಕಾದಷ್ಟಿವೆ, ಹಾಸಿಗೆಗಳೇ ಇಲ್ಲ.

ಇತ್ತೀಚೆಗೆ ಗಾಂಜಾ, ನೋವಿನ ಮಾತ್ರೆಗಳ ದುರ್ಬಳಕೆ, ಅಂಟುದ್ರಾವಣಗಳ ವಾಸನೆ ಎಳೆಯುವುದು, ಇವು ಹುಡುಗರನ್ನು ಹಿಡಿಯುತ್ತಿವೆ. ಅದೇ ಸಮೀಕ್ಷೆಯು, ಮೂಸುವ ದ್ರವ್ಯಗಳ ಬಳಕೆ ಒಂದು ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚೆಂದು ತೋರಿಸಿತು. ಮಗನ ಜೇಬಿನಲ್ಲಿ ಗಾಂಜಾ ಕಂಡ ತಂದೆ ಪೊಲೀಸರ ಭಯದಿಂದ ವೈದ್ಯರ ಬಳಿಗೂ ಬರುವುದಿಲ್ಲ. 1985ರ ಮಾದಕವಸ್ತು ಕಾಯಿದೆಯ 64ಎ ಕಲಮಿನಲ್ಲಿ, ಸೇವನೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ಆರೋಪಿಯಾದ ವ್ಯಸನಿ ತಾನಾಗಿ ಅಂಗೀಕೃತ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯುವ ಅವಕಾಶವಿದೆ. ಈ ವಿಷಯ ಪೋಷಕರಿಗೆ ತಿಳಿದಿರಬೇಕು. ಅಸ್ಸಾಂ, ಬಂಗಾಳಗಳಿಂದ ದುಡಿಯಲು ಬಂದ ಹುಡುಗರಿಗಂತೂ ತಮ್ಮ ಸಂಕಟವನ್ನು ಹೇಳಿಕೊಳ್ಳಲು ಭಾಷೆಯೂ ಇಲ್ಲ.

ತೋಟದ ಒಡೆಯರಲ್ಲಿ ಒಂದು ಬಿನ್ನಹ

ಈ ಪತ್ರಿಕೆಯ ಓದುಗರಲ್ಲಿ ಕಾಫಿ ಬೆಳೆಗಾರರು ಅನೇಕರಿದ್ದೀರಿ. ನನ್ನ ರೋಗಿಗಳೂ ಹೌದು, ಬಂಧುಗಳೂ ಹೌದು. ಕೂಲಿಯಾಳು ಸಿಗದ ಈ ಕಾಲದಲ್ಲಿ ಕೆಲವು ತೋಟಗಳಲ್ಲಿ ಮಳೆಯ ದಿನ, ಕೊಯ್ಲಿನ ಅವಸರದ ದಿನ ಕೂಲಿಯ ಮೇಲೆ ಒಂದು ಕ್ವಾರ್ಟರನ್ನೋ ಅದರ ಹಣವನ್ನೋ ಕೊಡುವ ರೂಢಿ ಬಂದಿರುವುದನ್ನು ನಾನು ಕಂಡಿದ್ದೇನೆ. ಕೊಡುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ‘ಕೊಡದಿದ್ದರೆ ಪಕ್ಕದ ತೋಟಕ್ಕೆ ಹೋಗುತ್ತಾರೆ, ಏನು ಮಾಡುವುದು?’ ಎಂದು ನನ್ನನ್ನೇ ಕೇಳಿದವರಿದ್ದಾರೆ.

ಅವರಿಗೆ ನಾನು ದೂರದ ಒಂದು ದೇಶದ ಸಂಗತಿಯನ್ನು ಹೇಳುತ್ತೇನೆ. ದಕ್ಷಿಣ ಆಫ್ರಿಕದ ಕೇಪ್ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ದ್ರಾಕ್ಷಾಮದ್ಯವಾಗಿಯೇ ಅಳೆದು ಕೊಡುವ ‘ಡಾಪ್’ ಎಂಬ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದರೂ ಅದರ ಫಲ ಉಳಿಯಿತು: ತಾಯಿಯ ಗರ್ಭದಲ್ಲೇ ಮದ್ಯದ ಆಘಾತಕ್ಕೆ ಸಿಲುಕಿ ಬುದ್ಧಿ ಬೆಳವಣಿಗೆ ಕುಂಠಿತವಾಗಿ ಹುಟ್ಟುವ ಮಕ್ಕಳ ಪ್ರಮಾಣವು ಜಗತ್ತಿನಲ್ಲೇ ಅತಿ ಹೆಚ್ಚಾಗಿ ದಾಖಲಾಗಿರುವ ಪ್ರದೇಶಗಳಲ್ಲಿ ಅದೂ ಒಂದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1949ರಲ್ಲಿ ಮಾಡಿದ ಕೂಲಿ ಸಂರಕ್ಷಣೆಯ ಒಡಂಬಡಿಕೆಯಲ್ಲಿ, ಕೂಲಿಯನ್ನು ತೀಕ್ಷ್ಣ ಮದ್ಯದ ರೂಪದಲ್ಲಿ ಕೊಡಲೇಬಾರದೆಂದೂ, ಹೆಂಡದಂಗಡಿಯಲ್ಲಿ ಬಟವಾಡೆ ಮಾಡಬಾರದೆಂದೂ ಬರೆದಿದೆ. ಅನುಗ್ರಹವೆಂದು ಕೊಟ್ಟದ್ದು ಮೂರನೆಯ ತಲೆಮಾರಿನ ಮಗುವನ್ನು ಮುಟ್ಟುತ್ತದೆ.

ಒಡೆಯರು ಮಾಡಬಹುದಾದದ್ದು ಕಷ್ಟದ್ದಲ್ಲ. ಮದ್ಯದ ಬದಲು ಸಂಜೆ ಬಿಸಿ ಗಂಜಿಯೋ, ಬೆಲ್ಲದ ಕಾಫಿಯೊಡನೆ ಹುರಿಗಡಲೆಯೋ ಕೊಡಿ. ಒಣಗಿದ ಸೌದೆ, ಸ್ನಾನಕ್ಕೆ ಬಿಸಿನೀರು, ಬಟ್ಟೆ ಒಣಗಿಸಲು ಒಂದು ಬೆಂಕಿಮನೆ, ಇವು ಮಳೆಗಾಲದಲ್ಲಿ ಯಾವ ಔಷಧಕ್ಕೂ ಕಡಿಮೆಯಲ್ಲ. ಬಟವಾಡೆಯನ್ನು ಸಂಜೆಯ ಬದಲು ಬೆಳಗ್ಗೆ, ಸಂತೆಯ ದಿನವೇ ಮಾಡಿ; ಹೆಂಡತಿಯ ದುಡಿಮೆಯ ಹಣ ಆಕೆಯ ಖಾತೆಗೇ ಹೋಗಲಿ. ಚಿಕಿತ್ಸೆಗೆ ಹೋದ ಹತ್ತು ದಿನಗಳ ಬಳಿಕ ಅವನ ಕೆಲಸ ಅವನಿಗಿರುತ್ತದೆಂದು ರೈಟರ ಮೂಲಕವಲ್ಲದೆ ನೀವೇ ಬಾಯಿಬಿಟ್ಟು ಹೇಳಿ. 1951ರ ತೋಟಕಾರ್ಮಿಕರ ಕಾಯಿದೆಯು ವಸತಿ, ವೈದ್ಯಕೀಯ ಸೌಲಭ್ಯಗಳನ್ನು ಒಡೆಯನ ಹೊಣೆಯೆಂದಿತು. ಹೊಣೆಯೆಂಬ ಮಾತು ಬೇಡವೆನಿಸಿದರೆ ದಾಸೋಹವೆನ್ನೋಣ.

ಗುಟ್ಟಿನ ಪುಡಿಗಳು

ನನ್ನ ವೈದ್ಯಪದ್ಧತಿಯ ಹೆಸರಿನಲ್ಲಿ ನಡೆಯುವ ಒಂದು ಮೋಸದ ಬಗ್ಗೆ ಹೇಳದಿದ್ದರೆ ತಪ್ಪಾದೀತು. ‘ಕುಡಿಯುವವರಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸಿ, ಕುಡಿತ ತಾನಾಗಿ ಬಿಡುತ್ತದೆ’ ಎಂಬ ಜಾಹೀರಾತನ್ನು ನಂಬಿ ತಾಯಂದಿರು ಕೂಡಿಟ್ಟ ದುಡ್ಡನ್ನು ಸುರಿಯುತ್ತಾರೆ. ಅಂತಹ ಕೆಲವು ಪುಡಿಗಳಲ್ಲಿ ಏನಿದೆಯೆಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಮದ್ಯದೊಡನೆ ಸೇರಿದರೆ ವಾಂತಿ, ರಕ್ತದೊತ್ತಡದ ಕುಸಿತ ಉಂಟುಮಾಡುವ ಆಧುನಿಕ ಮಾತ್ರೆಯನ್ನೂ ಗುಟ್ಟಾಗಿ ಬೆರೆಸುವವರಿದ್ದಾರೆ. ಅದನ್ನು ವೈದ್ಯರ ಸೂಚನೆಯಂತೆ, ರೋಗಿಯ ಪೂರ್ಣ ಒಪ್ಪಿಗೆಯಿಂದ ಮಾತ್ರ ಕೊಡಬೇಕು. ಗುಟ್ಟಾಗಿ ಕೊಟ್ಟರೆ ಎದೆ ನಿಂತೀತು. ಆಯುರ್ವೇದವು ಚಿಕಿತ್ಸೆಯ ಮೂರು ಬಗೆಗಳಲ್ಲಿ ಸತ್ತ್ವಾವಜಯವನ್ನೂ ಒಂದೆಂದು ಹೇಳುತ್ತದೆ. ಅಹಿತದಿಂದ ಮನಸ್ಸನ್ನು ಹಿಂದಕ್ಕೆ ತರುವುದೇ ಅದರ ಅರ್ಥ. ರೋಗಿಯನ್ನು ವಂಚಿಸಿ ಆತನ ಮನಸ್ಸನ್ನು ಗೆಲ್ಲುವುದು ಹೇಗೆ ಸಾಧ್ಯ?

ಇನ್ನೊಂದು ಎಚ್ಚರಿಕೆ. ನಮ್ಮ ಆಸವ, ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟಿರುತ್ತದೆ. ಕುಡಿತ ಬಿಟ್ಟವರಿಗೆ ನಾನು ಅವನ್ನು ಕೊಡುವುದಿಲ್ಲ. ನೀವೂ ಕೇಳಿ ತೆಗೆದುಕೊಳ್ಳಬೇಡಿ. ಮೊದಲ ದಿನಗಳ ಅಪಾಯ ಕಳೆದ ಮೇಲೆ ಹಸಿವು, ನಿದ್ರೆ, ಯಕೃತ್ತುಗಳನ್ನು ಸರಿಪಡಿಸಲು ಆಯುರ್ವೇದದಲ್ಲಿ ಬೇಕಾದಷ್ಟಿದೆ: ಖರ್ಜೂರ, ದ್ರಾಕ್ಷಿ, ದಾಳಿಂಬೆ, ನೆಲ್ಲಿಕಾಯಿಗಳ ಮಂಥ, ಮಜ್ಜಿಗೆ, ಹಳೆಯ ಅಕ್ಕಿಯ ಗಂಜಿ, ಎಣ್ಣೆಯ ಅಭ್ಯಂಗ. ಇವೆಲ್ಲ ನಾಲ್ಕನೆಯ ದಿನದ ನಂತರದ ಮಾತು.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಆಣೆಗೆ ಮುನ್ನ ತಪಾಸಣೆ. ಆಣೆ ಮಾಡಲು ಬಂದವರನ್ನು ನಾಲ್ಕು ಪ್ರಶ್ನೆ ಕೇಳಬೇಕು: ಬೆಳಗ್ಗೆ ಕುಡಿಯುತ್ತೀರಾ? ಕುಡಿಯದಿದ್ದರೆ ಕೈ ನಡುಗುತ್ತದೆಯೇ? ಹಿಂದೆ ಬಿಟ್ಟಾಗ ಸೆಳವು ಬಂದಿತ್ತೇ? ಭ್ರಮೆ ಆಗಿತ್ತೇ? ಒಂದಕ್ಕೆ ‘ಹೌದು’ ಎಂದರೂ ಅವರನ್ನು ಮನೆಗೆ ಕಳುಹಿಸಬಾರದು. ಸಕಲೇಶಪುರದ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆಗಾಗಲಿ, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗಾಗಲಿ ಜೊತೆಗೊಬ್ಬರು ಹೋಗಿ ವೈದ್ಯರಿಗೆ ತೋರಿಸಬೇಕು. ಮದ್ಯವನ್ನು ಮನೆಯಲ್ಲೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತೇನೆನ್ನುವವರು ಕೂಡ ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು.

ಎರಡನೆಯದಾಗಿ, ಮೂರು ರಾತ್ರಿಗಳ ಕಾವಲು. ಸೆಳವು, ಭ್ರಮೆ, ಜ್ವರ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ. ಸಲಹೆಗಾಗಿ 14446 ಎಂಬ ವ್ಯಸನಮುಕ್ತಿ ಸಹಾಯವಾಣಿಯೂ, ಮನಸ್ಸಿನ ತೊಂದರೆಗಳಿಗೆ 14416 ಎಂಬ ಟೆಲಿಮಾನಸ್ ಸಹಾಯವಾಣಿಯೂ ಇವೆ.

ಮೂರನೆಯದಾಗಿ, ಮೂರು ತಿಂಗಳ ಸಂಗಡ. ಬಟವಾಡೆಯ ಸಂಜೆ ಆತನಿಗೆ ಹೋಗಲು ಒಂದು ಜಾಗ ಬೇಕು. ಮಠದ ಅಂಗಳಗಳು, ಸಮುದಾಯ ಭವನಗಳು ಆ ಒಂದು ಸಂಜೆ ತೆರೆದಿರಲಿ: ಒಂದು ಭಜನೆ, ಒಂದು ಊಟ, ಬಿಟ್ಟು ಹಲವು ವರ್ಷವಾದವರೊಡನೆ ಒಂದು ಮಾತುಕತೆ. ಜಾರಿ ಮತ್ತೆ ಕುಡಿದವನನ್ನು ಆಣೆಗೆ ತಪ್ಪಿದವನೆಂದು ಹೊರಗಿಡಬೇಡಿ. ಜ್ವರ ಮರುಕಳಿಸಿದರೆ ರೋಗಿಯನ್ನು ಶಪಿಸುತ್ತೇವೆಯೇ?

‘ಎಷ್ಟು ಮಾಡಿದರೂ ಅವರು ಅಷ್ಟೇ’ ಎನ್ನುವವರಿಗೆ ಒಂದು ಮಾತು. ಬಸವಣ್ಣನವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯನವರಿದ್ದರು. ಹೆಂಡ ಮಾರುತ್ತಿದ್ದ ಆ ಕಾಯಕದ ಹೆಸರಿನಿಂದಲೇ ಇಂದಿಗೂ ಅವರನ್ನು ಕರೆಯುತ್ತೇವೆ, ಅವರ ವಚನಗಳನ್ನು ಗೌರವದಿಂದ ಓದುತ್ತೇವೆ. ಶರಣರು ಅವರನ್ನು ‘ಅಷ್ಟೇ’ ಎಂದು ಬಾಗಿಲಲ್ಲೇ ನಿಲ್ಲಿಸಲಿಲ್ಲ. ಕುಡಿತ ಲೈನಿನಲ್ಲಿ ಮಾತ್ರ ಇದೆಯೆಂದೂ ತಿಳಿಯಬೇಡಿ. ಬಂಗಲೆಯಲ್ಲಿ ಕುಡಿಯುವವರು ಬಾಗಿಲು ಹಾಕಿಕೊಂಡು ಕುಡಿಯುತ್ತಾರೆ, ಬಿಡಬೇಕಾದಾಗ ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತಾರೆ. ವ್ಯತ್ಯಾಸ ಅಷ್ಟೇ.

ಆ ಕಾರ್ಮಿಕನ ಹೆಂಡತಿಯನ್ನು ನಾನು ಹುಡುಕಿಕೊಂಡು ಹೋದದ್ದು ತೀರಾ ತಡವಾಗಿ. ಆಗ ಆಕೆ ಮಗಳ ಮನೆಯಲ್ಲಿದ್ದಳು. ನಡೆದುದೆಲ್ಲವನ್ನೂ ಹೇಳಿ, ‘ನಿನ್ನ ಗಂಡ ಕೊಟ್ಟ ಮಾತನ್ನು ಉಳಿಸಿಕೊಂಡವನು ತಾಯಿ, ತಪ್ಪಿದವನು ನಾನು’ ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ‘ಈ ಮಾತನ್ನ ಲೈನಿನವರ ಮುಂದೆ ಒಂದ್ಸಲ ಹೇಳಿಬಿಡಿ ಡಾಕ್ಟ್ರೇ’ ಎಂದಳು. ಆ ಲೈನಿನ ಹಳಬರಲ್ಲಿ ಅನೇಕರು ಈಗ ಅಲ್ಲಿಲ್ಲ. ಆಕೆಯ ಮಾತನ್ನು ಇಲ್ಲಿ ನಡೆಸಿದ್ದೇನೆ.

ಮುಂದಿನ ಜಾತ್ರೆಯಲ್ಲಿ ಜೋಳಿಗೆ ಹಿಡಿಯುವ ವೇದಿಕೆಯ ಪಕ್ಕದಲ್ಲಿ ಒಬ್ಬ ವೈದ್ಯ, ಒಬ್ಬ ದಾದಿ, ಆಸ್ಪತ್ರೆಗೆ ಹೋಗಲು ಒಂದು ವಾಹನ ಇರಲಿ ಎಂದು ಪೂಜ್ಯರಲ್ಲಿ ಬೇಡಿಕೊಳ್ಳುತ್ತೇನೆ. ಆ ವೈದ್ಯನ ಕುರ್ಚಿಯಲ್ಲಿ ಕೂರಲು ನಾನು ಸಿದ್ಧನಿದ್ದೇನೆ.